ಬಾಡಿಗೆ ಮನೆಗೆ ಮ್ಯಾನೇಜರ್ ಬೇಕೋ ಬೇಡವೋ: ಲೆಕ್ಕ ಹಾಕಿದ ಮೇಲೆ ಬಗೆಹರಿದದ್ದು

ಎಷ್ಟು ಮನೆಗಳಿವೆ ಎಂದು ಎಣಿಸುತ್ತಾ ಕೂತರೆ ಇದು ತೀರ್ಮಾನವಾಗುವುದಿಲ್ಲ. 3 ತಿಂಗಳು ಒಂದು ನೋಟ್‌ಬುಕ್ ಇಟ್ಟು, ಬಾಡಿಗೆ ವಸೂಲಿ, ರಿಪೇರಿ, ಮನೆ ತೋರಿಸುವುದು, ಫೋನ್ ಕರೆ ಪ್ರತಿಯೊಂದಕ್ಕೂ ಹೋದ ಸಮಯ ಬರೆದಿದ್ದರಿಂದ ದಾರಿ ಕಂಡಿತು. ಹೆಚ್ಚಿನ ಸಮಯ ನಲ್ಲಿ, ವೈರಿಂಗ್‌ಗೇ ಹೋಗಿದ್ದರೆ ಬೇಕಿರುವುದು ನಂಬಿಕಸ್ಥ ಪ್ಲಂಬರ್, ಎಲೆಕ್ಟ್ರಿಷಿಯನ್, ಮ್ಯಾನೇಜರ್ ಅಲ್ಲ.

ಮನೆ ಖಾಲಿ ಬೀಳುವುದೇ ನಿಜವಾದ ನಷ್ಟ. ಒಂದು ತಿಂಗಳು ಖಾಲಿ ಎಂದರೆ ವರ್ಷದ ಬಾಡಿಗೆಯಲ್ಲಿ 8.33% ಹೋಯಿತು. ಮ್ಯಾನೇಜರ್ ಬಾಡಿಗೆಯ 8% ಕೇಳಿದರೂ ಆ ಒಂದು ತಿಂಗಳು ಉಳಿಸಿಕೊಟ್ಟರೆ ಫೀಸು ಅಲ್ಲೇ ಹುಟ್ಟುತ್ತದೆ. ಮನೆ ದೂರದಲ್ಲಿದ್ದು, ಕರೆದಾಗ ಅದೇ ದಿನ ಹೋಗಲಾಗದಿದ್ದರೆ ಲೆಕ್ಕ ಇನ್ನೂ ಬೇಗ ಅವರ ಕಡೆ ವಾಲುತ್ತದೆ.

ಎಡವುವುದು ಕರಾರಿನಲ್ಲಿ. ಫೀಸು ಕೈಗೆ ಬಂದ ಬಾಡಿಗೆಯ ಮೇಲಿರಲಿ, ಬರಬೇಕಾದದ್ದರ ಮೇಲಲ್ಲ. ಇಲ್ಲದಿದ್ದರೆ ವಸೂಲಿಗೆ ಅವರಿಗೇನು ಅವಸರ? ಕೇಳದೆ ಮಾಡಬಹುದಾದ ರಿಪೇರಿ ಖರ್ಚಿಗೆ ಮಿತಿ, ಮೂಲ ಬಿಲ್ಲು, ಹೊಸ ಬಾಡಿಗೆದಾರರನ್ನು ತಂದಾಗಿನ ಪ್ರತ್ಯೇಕ ಶುಲ್ಕ, ಡೆಪಾಸಿಟ್ ಯಾರ ಖಾತೆಯಲ್ಲಿ ಎಂಬುದು, 30 ದಿನದ ನೋಟಿಸಿನಲ್ಲಿ ಬಿಡಿಸಿಕೊಳ್ಳುವ ಅವಕಾಶ, ಇಷ್ಟೂ ಬರಹದಲ್ಲಿರಬೇಕು. ಪ್ರತ್ಯೇಕ ಶುಲ್ಕ ಸೇರಿಸದೆ ಬರೀ ಶೇಕಡಾವಾರು ನೋಡಿದರೆ ಲೆಕ್ಕ ತಪ್ಪುತ್ತದೆ.