ಆಲೆಮನೆಯ ಸಾಲು: ಮೊದಲು ಎಣಿಸಿ, ಆಮೇಲೆ ಹಗ್ಗ ಕಟ್ಟಿ

ಶಿರಸಿ ಹತ್ತಿರದ ನಮ್ಮೂರಿನ ಆಲೆಮನೆ ಹಬ್ಬದಲ್ಲಿ ಕೂಪನ್ ಕೊಡುವ ಕೆಲಸ ನನ್ನದು. ಹೋದ ವರ್ಷ ಎರಡು ಮೇಜು, ಎರಡು ಸಾಲು ಮಾಡಿದ್ದೆವು. ಒಂದು ಮೇಜಿನಲ್ಲಿ ಐನೂರರ ನೋಟಿಗೆ ಚಿಲ್ಲರೆ ಹುಡುಕುತ್ತಾ ಕೂತರೆ ಆ ಸಾಲಿಡೀ ನಿಂತುಬಿಡುತ್ತಿತ್ತು. ಕೋಲು ಹಿಡಿದ ಒಬ್ಬರು ಅಜ್ಜಿ, ಪಕ್ಕದ ಸಾಲು ಸರಿಯುವುದನ್ನೇ ನೋಡುತ್ತಾ ನಿಂತಿದ್ದರು. ಅವರ ಸರದಿ ಬರುವಷ್ಟರಲ್ಲಿ ತೊಡದೇವು ಅನ್ನುವ ತೆಳು ಸಿಹಿತಿಂಡಿಯ ಹಿಟ್ಟು ಖಾಲಿ. ಮೊಮ್ಮಗುವಿನ ಕೈ ಹಿಡಿದು ಸುಮ್ನೆ ವಾಪಸ್ ಹೋದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈ ವರ್ಷ ಮೊದಲ ಸಂಜೆ ಬರೀ ಎಣಿಸಿದೆ. ನೀವೂ ಹಾಗೇ ಶುರು ಮಾಡಿ. ಜನ ಜಾಸ್ತಿ ಇರುವ ಅರ್ಧ ಗಂಟೆ ಬಾಗಿಲಲ್ಲಿ ನಿಂತು, ಒಬ್ಬೊಬ್ಬರಿಗೆ ಒಂದೊಂದು ಗೆರೆ ಎಳೆಯಿರಿ. ನನಗೆ 54 ಬಂತು, ಅಂದರೆ ನಿಮಿಷಕ್ಕೆ 1.8. ಒಂದು ಕೂಪನ್‌ಗೆ ಸರಾಸರಿ ಒಂದು ನಿಮಿಷ. ಎರಡು ಮೇಜಿಗೆ ನಿಮಿಷಕ್ಕೆ ಇಬ್ಬರು, ಸಾಕಲ್ವಾ? ಆದರೆ ಬಸ್ಸು ನಿಂತರೆ ಹತ್ತು ಜನ ಒಟ್ಟಿಗೇ ಬರುತ್ತಾರೆ. ಕೆಲವರಿಗೆ ಹತ್ತು ಸೆಕೆಂಡು, ಕೆಲವರಿಗೆ ಮೂರು ನಿಮಿಷ.

ಇಂಥ ಏರುಪೇರಿನ ಲೆಕ್ಕವನ್ನು ಕೋಪನ್‌ಹೇಗನ್‌ನ ಟೆಲಿಫೋನ್ ಕರೆಗಳಿಗಾಗಿ 1909ರಲ್ಲೇ ಶುರು ಮಾಡಿದವರು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್. ಆ ಲೆಕ್ಕದಲ್ಲಿ ನಮ್ಮ ಅಂಕಿ ಹಾಕಿದರೆ, ಎರಡು ಬೇರೆ ಸಾಲಿದ್ದಾಗ ಸರಾಸರಿ ಕಾಯುವುದು 9 ನಿಮಿಷ. ಅದೇ ಎರಡು ಮೇಜಿಗೆ ಒಂದೇ ಸಾಲು ಮಾಡಿ, ಖಾಲಿಯಾದ ಮೇಜಿಗೆ ಮುಂದಿನವರು ಹೋದರೆ ಸುಮಾರು ನಾಲ್ಕೂಕಾಲು. ಮೂರನೇ ಮೇಜು ಹಾಕಿದರೆ 18 ಸೆಕೆಂಡು! ಮೂರು ಮೇಜಿಗೆ ಜನ ಸಿಗುವುದಾದರೆ ಯೋಚಿಸಲೇಬೇಡಿ, ಹಾಕಿ. ನಮಗೆ ಸಿಗಲಿಲ್ಲ, ಒಂದೇ ಸಾಲು ಮಾಡಿದೆವು.

ಇನ್ನು ಜಾಗ. ನಿಮಿಷಕ್ಕೆ ಬರುವವರನ್ನು ಕಾಯುವ ನಿಮಿಷದಿಂದ ಗುಣಿಸಿ, ಸಾಲಿನಲ್ಲಿ ಸರಾಸರಿ ಎಷ್ಟು ಜನ ನಿಂತಿರುತ್ತಾರೆ ಅಂತ ಸಿಗುತ್ತೆ. ಇದು ಲಿಟಲ್ ನಿಯಮ. ನಮ್ಮಲ್ಲಿ 1.8 ಸಲ 4.25, ಅಂದರೆ ಸುಮಾರು 8 ಜನ. ಇದು ಸರಾಸರಿ ಮಾತ್ರ, ಬಸ್ಸು ಬಂದ ಹೊತ್ತಿಗೆ ಸಾಲದು. ನಾನು ಮೂರು ಪಟ್ಟು, 24 ಜನರಿಗೆ ಜಾಗ ಬಿಟ್ಟೆ. ತಲೆಗೆ 75 ಸೆಂಟಿಮೀಟರ್ ಹಿಡಿದರೆ 18 ಮೀಟರ್. ಅಡಿಕೆ ದಬ್ಬೆ ನೆಟ್ಟು, ಹಗ್ಗ ಕಟ್ಟಿ, 6 ಮೀಟರಿನ ಮೂರು ಮಡಿಕೆ ಮಾಡಿದೆವು. ಮೇಲೆ ಅಡಿಕೆ ಸೋಗೆ ಹೊದಿಸಿ.

ಚಿಲ್ಲರೆಯ ಡಬ್ಬಿ ಮೊದಲೇ ತುಂಬಿಡಿ. ತಿರುವಿನಲ್ಲಿ ಎರಡು ಕುರ್ಚಿ ಹಾಕಿ. ವಯಸ್ಸಾದವರು ಅಲ್ಲೇ ಕೂತಿರಲಿ, ಅವರ ಹಿಂದಿದ್ದವರು ಮೇಜಿಗೆ ಬಂದಾಗ ಕರೆಯಿರಿ: "ಅಜ್ಜಿ, ನಿಮ್ಮ ಪಾಳಿ ಬಂತು."