ಹಳೆಯ ಅಂಗಡಿ-ಮನೆಯ ಮರದ ಮುಂಭಾಗ: ದುರಸ್ತಿ ಮೇಲಿನಿಂದ

ಇಂಗ್ಲೆಂಡಿನ ಹಳೆಯ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಜಾರ್ಜಿಯನ್ (ಸುಮಾರು 1714ರಿಂದ 1830ರವರೆಗಿನ) ಕಟ್ಟಡಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬುಡದ ಕೊಳೆತ: ಗಾಜಿನ ಕೆಳಗಿನ ಗಿಡ್ಡ ಗೋಡೆಯಾದ ಸ್ಟಾಲ್‌ರೈಸರ್, ಅಕ್ಕಪಕ್ಕದ ಪಿಲಾಸ್ಟರ್‌ಗಳ (ಗೋಡೆಗೆ ಅಂಟಿದ ಚಪ್ಪಟೆ ಕಂಬಗಳ) ಪಾದ. ಅಲ್ಲಿಂದಲೇ ಕೆಲಸ ಶುರು ಮಾಡಿದರೆ ಹೊಸ ಮರವೂ ಕೆಲವೇ ಚಳಿಗಾಲಗಳಲ್ಲಿ ಕೊಳೆಯುತ್ತದೆ. ನೀರು ಬಹುಪಾಲು ಮೇಲಿನ ಕಾರ್ನಿಸ್‌ನಿಂದ, ಅಂದರೆ ಅಂಗಡಿಯ ನೆತ್ತಿಯಲ್ಲಿ ಹೊರಚಾಚಿದ ಅಂಚಿನಿಂದ, ಇಳಿದಿರುತ್ತದೆ.

ಉಳಿ ಹಿಡಿಯುವ ಮುನ್ನ ಅನುಮತಿ. ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ (ಲಿಸ್ಟೆಡ್) ಕಟ್ಟಡದ ಒಳಭಾಗಕ್ಕೂ ರಕ್ಷಣೆಯಿದೆ. ಅದರ ವೈಶಿಷ್ಟ್ಯದ ಮೇಲೆ ಪರಿಣಾಮ ಬೀರುವ ಬದಲಾವಣೆಯನ್ನು ಒಪ್ಪಿಗೆಯಿಲ್ಲದೆ ಮಾಡುವುದು ಪಟ್ಟಿಯ ಕಟ್ಟಡಗಳ ಕುರಿತ 1990ರ ಕಾಯ್ದೆಯಡಿ ಅಪರಾಧ. ಅರ್ಜಿಗೆ ಶುಲ್ಕವಿಲ್ಲ. ಗಾಜು ಹಿಡಿದಿಡುವ ಮರದ ಪಟ್ಟಿ, ಕಾರ್ನಿಸ್, ಕನ್ಸೋಲ್‌ಗಳ (ಪಿಲಾಸ್ಟರ್ ತಲೆಯ ಕೆತ್ತನೆಯ ಚಾಚುಗಳ) ಅಡ್ಡಕೊಯ್ತವನ್ನು ನಿಜ ಅಳತೆಯಲ್ಲೇ ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಮೂಲ ಆಕಾರ ತಿಳಿಯಲು ಅದೇ ಆಧಾರ.

ಎರಡನೆಯದು ಬ್ರೆಸ್ಸಮರ್. ಅಂಗಡಿಯ ಬಾಯಿಯ ಮೇಲೆ ಅಡ್ಡಲಾಗಿ ಮಲಗಿ, ಮೇಲಿನ ಇಡೀ ಇಟ್ಟಿಗೆ ಗೋಡೆಯನ್ನು ಹೊತ್ತಿರುವ ತೊಲೆ ಅದು. ಮಹಡಿಯ ಕಿಟಕಿಗಳ ಕೆಳಗೆ ದಾರ ಎಳೆದು ನೋಡಿ. ನಡುವೆ ಜಗ್ಗಿದ್ದು, ಗೋಡೆಯ ಬಿರುಕಿನೊಳಗೆ ಬಣ್ಣವೋ ಹಳೆಯ ಕೊಳೆಯೋ ಕೂತಿದ್ದರೆ ಬಹುಶಃ ಹಳೆಯ ಕುಸಿತ. ಬಿರುಕಿನ ಅಂಚು ತಾಜಾ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಬರುವವರೆಗೆ ಏನನ್ನೂ ಬಿಚ್ಚಬೇಡಿ. ಪಿಲಾಸ್ಟರ್‌ಗಳು ಬರೀ ಅಲಂಕಾರ ಅನ್ನುತ್ತಾರೆ. ಆದರೆ ತೊಲೆ ಜಗ್ಗಿದಾಗ ಭಾರ ಅವುಗಳ ಮೇಲೂ ಕೂತಿರಬಹುದು.

ಇನ್ನು ಕಾರ್ನಿಸ್. ಮೇಲೆ ಹೊದಿಸಿದ ಸೀಸದ ಹಾಳೆ ಕೋಡ್ 4 ಅಥವಾ 5 (ಹಾಳೆಯ ದಪ್ಪದ ಗುರುತು) ಇರಲಿ, ಒಂದೊಂದು ತುಂಡೂ 1.5 ಮೀಟರ್ ಮೀರದಿರಲಿ. ಉದ್ದ ಹಾಳೆ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಕೊನೆಗೆ ಸೀಳುತ್ತದೆ. ಅಂಚನ್ನು ಇಟ್ಟಿಗೆ ಸಂದಿನೊಳಗೆ ಕನಿಷ್ಠ 25 ಮಿ.ಮೀ. ತೂರಿಸಿ, ಸೀಸದ ಬೆಣೆ ಹೊಡೆದು ಸುಣ್ಣದ ಗಾರೆ ತುಂಬಿ. ಸಿಮೆಂಟ್ ಬೇಡ: ಅದು ಮೆತ್ತನೆಯ ಹಳೆ ಇಟ್ಟಿಗೆಗಿಂತ ಗಟ್ಟಿ, ತೇವ ಹೊರಬರಲು ಬಿಡದು, ಕೊನೆಗೆ ಉದುರುವುದು ಇಟ್ಟಿಗೆಯ ಮುಖವೇ. ಫೇಷಿಯಾದ (ಅಂಗಡಿಯ ಹೆಸರು ಬರೆಯುವ ಹಲಗೆಯ) ಮೇಲೆ ಪ್ಲಾಸ್ಟಿಕ್ ಬೋರ್ಡ್ ಹೊಡೆದಿದ್ದರೆ ಮೂಲೆಯೊಂದನ್ನು ಎತ್ತಿ ಇಣುಕಿ; ಮೂಲ ಫೇಷಿಯಾ, ಒಮ್ಮೊಮ್ಮೆ ಹಳೆಯ ಬರಹವೂ, ಹಿಂದೆಯೇ ಇರುತ್ತದೆ.

ಈಗ ಬುಡಕ್ಕೆ ಬನ್ನಿ. ಸಣ್ಣ ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಗಟ್ಟಿ ಮರ ಸಿಗುವಷ್ಟು ಮಾತ್ರ ಕತ್ತರಿಸಿ. ಅದೇ ಜಾತಿಯ ಮರವನ್ನು ಓರೆಯಾಗಿ ಜೋಡಿಸಿ, ಓರೆ ಹೊರಗಡೆಗೆ ಇಳಿಯಲಿ, ನೀರು ನಿಲ್ಲದು. ತುಂಡಿನ ಅಡಿಭಾಗಕ್ಕೆ ಪ್ರೈಮರ್ ಮರೆಯಬೇಡಿ, ಕಾಲುದಾರಿಯ ಕಲ್ಲಿಗೆ ತಾಗಿಸಲೂಬೇಡಿ.

ಅಲೆಅಲೆಯಾಗಿ ಕಾಣುವ ಹಳೆ ಗಾಜನ್ನು ಉಳಿಸಿ; ಒಡೆದರೆ ಅದು ಮತ್ತೆ ಬಾರದು. ಗಾಜು ಹಿಡಿದಿಡುವ ತೆಳು ಮರದ ಪಟ್ಟಿಗಳು ಡಬಲ್ ಗ್ಲೇಜಿಂಗ್‌ನ ದಪ್ಪಕ್ಕೂ ತೂಕಕ್ಕೂ ಆಗವು. ಹಳೆ ಬಣ್ಣದಲ್ಲಿ ಸೀಸವಿರುವುದೇ ಹೆಚ್ಚು, ಒಣಗಿರುವಾಗ ಉಜ್ಜಬೇಡಿ. ಅಗಸೆ ಎಣ್ಣೆಯ ಪುಟ್ಟಿಯ ಮೇಲೆ ಗಟ್ಟಿ ಪೊರೆ ಬಂದ ಮೇಲೆ ಬಣ್ಣ ಬಳಿಯಿರಿ, ಅದು ಗಾಜಿನ ಮೇಲೂ ಸುಮಾರು 2 ಮಿ.ಮೀ. ಹತ್ತಲಿ, ಇಲ್ಲದಿದ್ದರೆ ಪುಟ್ಟಿಯ ಅಂಚಿನಿಂದಲೇ ನೀರು ಒಳಗಿಳಿಯುತ್ತದೆ.