ತೂಬು ಮುಚ್ಚಿ ಗೆದ್ದ ಕಥೆ: ನನ್ನ ಅನುಭವ

2021ರ ನವೆಂಬರ್ ಮಳೆಗೆ ನಮ್ಮ ಕೆರೆ ಕೋಡಿ ಬಿತ್ತು. ಬಾಗಿನ ಬಿಟ್ಟು ಬಂದ ಮರುವಾರವೇ ಜಗಳ ಶುರುವಾಯಿತು. ಅಚ್ಚುಕಟ್ಟಿನವರಿಗೆ, ಅಂದರೆ ಕೆರೆ ನೀರು ಹರಿಯುವ ಕೆಳಗಿನ ಜಮೀನಿನವರಿಗೆ, ಭತ್ತದ ನಾಟಿಗೆ ತೂಬು (ಕೆರೆ ನೀರು ಹೊರಬಿಡುವ ಬಾಗಿಲು) ಎತ್ತಬೇಕು. ಟೊಮೆಟೊ, ಹಿಪ್ಪುನೇರಳೆ ನಂಬಿಕೊಂಡ ಬೋರ್‌ವೆಲ್‌ನವರಿಗೆ ನಿಂತ ನೀರು ನೆಲಕ್ಕಿಂಗಲಿ ಅಂತ ತೂಬು ಮುಚ್ಚಿಯೇ ಇರಬೇಕು. ಮೀನು ಗುತ್ತಿಗೆಯವನದು ಇನ್ನೊಂದು ತಕರಾರು. ಇಡೀ ಊರು ಕುಡಿಯುವ ನೀರಿನ ಬೋರ್‌ವೆಲ್ ಇರುವುದೂ ಕೆರೆ ಏರಿಯ (ಮಣ್ಣಿನ ಕಟ್ಟೆಯ) ಕೆಳಗೇ. ನಮ್ಮದು ಕೋಲಾರದ ಶ್ರೀನಿವಾಸಪುರ ತಾಲ್ಲೂಕು, ವರ್ಷಪೂರ್ತಿ ಹರಿಯುವ ಹೊಳೆಯೇ ಇಲ್ಲದ ಜಿಲ್ಲೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರ ಕೆರೆಗೆ ಬಂದಾಗ ನಮಗೂ ಆಸೆ ಹುಟ್ಟಿತ್ತು. ಆದರೆ ನಮ್ಮ ಕೆರೆ ಆ ಪೈಪಿನ ದಾರಿಯಲ್ಲಿಲ್ಲ.

ತೂಬಿನ ಕಲ್ಲುಗಂಬಕ್ಕೆ ಗುರುತು ಹಾಕೋಣ, ಗುರುತಿನ ಮೇಲಿನ ನೀರು ಅಚ್ಚುಕಟ್ಟಿಗೆ, ಕೆಳಗಿನದು ಭೂಮಿಗೆ ಅಂದೆ. ಹಿರಿಯರು ಒಪ್ಪಲಿಲ್ಲ. "ನಿಂತ ನೀರು ಬಿಸಿಲಿಗೆ ಹೋಗುತ್ತೆ, ನಿನ್ನ ಬೋರ್‌ಗೆ ಇಳಿಯಲ್ಲ" ಅಂದರು. ನನ್ನ ಮಾತಿಗೆ ಬೆಲೆ ಇರಲಿಲ್ಲ, ಅದಕ್ಕೆ ಕಾರಣವೂ ಇತ್ತು. 2017ರಲ್ಲಿ ನನ್ನ 1,250 ಅಡಿ ಬೋರ್‌ವೆಲ್ ಸುತ್ತ ಇಂಗುಗುಂಡಿ ತೆಗೆಸಿ, ಕೇಸಿಂಗ್‌ಗೆ ತೂತು ಕೊರೆಸಿದ್ದೆ. ಖರ್ಚು ಹತ್ತಿರ ಹತ್ತಿರ 40 ಸಾವಿರ. ಹೂಳು ತಂಗುವ ಗುಂಡಿ ಬೇರೆ ಮಾಡಿರಲಿಲ್ಲ. ಮೊದಲ ದೊಡ್ಡ ಮಳೆಗೆ ಕೆಸರುನೀರು ನೇರ ಒಳಗಿಳಿದು ಮೋಟರ್ ಸುಟ್ಟಿತು, ಮತ್ತೆ 28 ಸಾವಿರ. ಆಮೇಲೆ ಅದೇ ನೀರನ್ನು ಅಜ್ಜನ ಕಾಲದ ತೆರೆದ ಬಾವಿಗೆ ತಿರುಗಿಸಿದೆ. ಅದು ಇವತ್ತಿಗೂ ಕುಡಿಯುತ್ತಿದೆ.

ಬಾಯಿಮಾತಿಗೆ ಯಾರೂ ಬಗ್ಗಲ್ಲ ಅಂತ ಗೊತ್ತಾಗಿ, 200 ಲೀಟರಿನ ಡ್ರಮ್ಮಿನ ಮೇಲ್ಭಾಗ ಕೊಯ್ಸಿ, ತಳಕ್ಕೆ ಕಲ್ಲು, ಮೇಲೆ ನೀರು ತುಂಬಿ, ಕೆರೆಯಲ್ಲೇ ಮುಕ್ಕಾಲು ಮುಳುಗಿಸಿ ನಿಲ್ಲಿಸಿದೆ. ಒಳಗೊಂದು ಸ್ಟೀಲ್ ಸ್ಕೇಲು, ಹೊರಗೆ ತೂಬಿನ ಗಂಬಕ್ಕೆ ಇನ್ನೊಂದು. ಡ್ರಮ್ಮಿನ ನೀರು ಬಿಸಿಲಿಗೆ ಮಾತ್ರ ಹೋಗುತ್ತದೆ, ಕೆರೆಯದು ಬಿಸಿಲಿಗೂ ಹೋಗುತ್ತದೆ, ನೆಲಕ್ಕೂ ಇಳಿಯುತ್ತದೆ. ಎರಡರ ವ್ಯತ್ಯಾಸವೇ ಲೆಕ್ಕ. ದಿನಾ ಬೆಳಿಗ್ಗೆ ಏಳಕ್ಕೆ ನಾನೂ ನೀರಗಂಟಿಯೂ (ತೂಬು ನೋಡಿಕೊಳ್ಳುವವರು) ಹೋಗಿ ನೋಡಿ ಬರೆದುಕೊಳ್ಳುತ್ತಿದ್ದೆವು. ಮೊದಲ ವಾರ ಕಾಗೆಗಳು ಅಂಚಿನ ಮೇಲೆ ಕೂತು ಮಿಂದು ಅಳತೆ ಕೆಡಿಸಿದವು, ಮೇಲೆ ಬಲೆ ಕಟ್ಟಿದೆ. ಡಿಸೆಂಬರ್‌ನಲ್ಲಿ ದಿನಕ್ಕೆ ಡ್ರಮ್ 4 ಮಿಲಿಮೀಟರ್ ಇಳಿದರೆ ಕೆರೆ 16! ಖುಷಿಯಲ್ಲಿ ಊರೆಲ್ಲ ಸಾರಿದೆ. ಒಂದು ದಿನ ನೀರಗಂಟಿ ಕಾಲುವೆಗಿಳಿದು ಕೈಯಾಡಿಸಿ, "ಇಲ್ಲಿ ಮಣ್ಣು ತಣ್ಣಗಿದೆ" ಅಂದರು. ತೂಬು ಸೋರುತ್ತಿತ್ತು. ಜೇಡಿಮಣ್ಣು, ಹುಲ್ಲು, ಇನ್ನೊಂದು ವಸ್ತು ಕಲಸಿ ಅವರೇ ಬಿಗಿದರು. ಆ ಮೂರನೆಯದು ಅವರ ಮನೆತನದ ವಿದ್ಯೆ, ಇಲ್ಲಿ ಬರೆಯುವುದಿಲ್ಲ. ಬಿಗಿದ ಮೇಲೆ ಕೆರೆಯ ಇಳಿತ 11ಕ್ಕೆ ನಿಂತಿತು. ಆದರೂ ದಿನಕ್ಕೆ ಏಳು ಮಿಲಿಮೀಟರ್ ನೆಲಕ್ಕೇ ಹೋಗುತ್ತಿತ್ತು. ನೋಟ್‌ಬುಕ್ ಅರಳಿಕಟ್ಟೆಯ ಮೇಲಿಟ್ಟಾಗ ವಾದ ಮಾಡುವವರು ಕಡಿಮೆಯಾದರು.

ಒಪ್ಪಂದ ಹೀಗಾಯಿತು: ಕೆರೆ ಗಂಬದ ಮೂರನೇ ಗುರುತಿಗೆ ಇಳಿಯುವವರೆಗೆ ಅಚ್ಚುಕಟ್ಟಿಗೆ ನೀರು, ಆದರೆ ಭತ್ತ ಬೇಡ, ರಾಗಿ ಮತ್ತು ತರಕಾರಿ ಮಾತ್ರ. ಅದರ ಕೆಳಗೆ ತೂಬು ಬಂದ್. ಪ್ರತಿ ಬೋರ್‌ವೆಲ್‌ನವರಿಂದ ವರ್ಷಕ್ಕೆ 1,500 ರೂಪಾಯಿ, ಅದರಲ್ಲಿ ನೀರಗಂಟಿಯ ಸಂಬಳ ಮತ್ತು ತೂಬಿನ ರಿಪೇರಿ. ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟ್ ಇರುವಾಗ ಏರಿ ಹತ್ತಿರದ ಎರಡು ಬೋರ್‌ಗಳಿಂದ ಅಚ್ಚುಕಟ್ಟಿನ ಮೇವಿಗೆ ವಾರಕ್ಕೆರಡು ಸಲ ನೀರು. ಈ ಕೊನೆಯ ಷರತ್ತು ಇಲ್ಲದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ತೂಬು ಮುಚ್ಚಿದರೆ ಕೆಳಗಿನವನು ಯಾಕೆ ಸುಮ್ಮನಿರಬೇಕು? ಐವತ್ತು ಚಿಲ್ಲರೆ ಬೋರ್‌ಗಳಿಂದ ಮೊದಲ ವರ್ಷ 60 ಸಾವಿರದ ಆಸುಪಾಸು ಬಂತು. ಕೊಡದವರು ಏಳೆಂಟು ಜನ, ಈಗ ನಾಲ್ಕೇ. ಮಿಕ್ಕವರನ್ನು ಹೇಗೆ ದಾರಿಗೆ ತಂದೆ ಅನ್ನುವುದು ನನ್ನಲ್ಲೇ ಇರಲಿ.

ಒಂದು ತಪ್ಪು ಹೇಳಲೇಬೇಕು. ಹೂಳೆತ್ತುವ ಉತ್ಸಾಹದಲ್ಲಿ ಜೆಸಿಬಿಯವನಿಗೆ ಏರಿಯ ಬುಡದಲ್ಲೇ ಆಳಕ್ಕೆ ತೋಡಲು ಬಿಟ್ಟೆವು. ಮುಂದಿನ ಮಳೆಗೆ ಏರಿ ಒಸರಿತು. ರಾತ್ರಿಯಿಡೀ ಮರಳುಮೂಟೆ ಹೊತ್ತೆವು, ಮಣ್ಣು ತುಂಬಿಸಲು ಸುಮಾರು 35 ಸಾವಿರ ಹೋಯಿತು. ಆ ಹೂಳನ್ನು ನನ್ನ ಅರ್ಧ ಎಕರೆಗೆ ಹೊಡೆಸಿ ಗುಳಿ ಪದ್ಧತಿಯಲ್ಲಿ (ಸಾಲಾಗಿ ಗುಳಿ ತೋಡಿ ಸಸಿ ನೆಡುವುದು) ರಾಗಿ ನಾಟಿ ಮಾಡಿದೆ. ಒಂಬತ್ತು ಕ್ವಿಂಟಲ್ ದಾಟಿತು. ಅದರ ಕಥೆ ಬೇರೆ.

ನಿಜವಾದ ಪರೀಕ್ಷೆ 2023ರ ಬರದ್ದು. ಕೆರೆ ಅರ್ಧವೂ ತುಂಬಲಿಲ್ಲ. ಸುತ್ತಲ ಊರುಗಳಲ್ಲಿ ಐದಾರು ಲಕ್ಷ ಸುರಿದು 1,400 ಅಡಿ ಕೊರೆಸಿದವರಿಗೂ ಬರೀ ದೂಳು ಬಂತು. ನಮ್ಮಲ್ಲಿ ಬತ್ತಿ ನಿಂತುಹೋದದ್ದು ಮೂರು ಬೋರ್ ಮಾತ್ರ. 900 ಅಡಿಯಲ್ಲಿದ್ದ ನನ್ನ ಪಂಪನ್ನು ಅದಕ್ಕೂ ಮೊದಲೇ 600ರ ಹತ್ತಿರಕ್ಕೆ ಎತ್ತಿಸಿದ್ದೆ. ಬರದಲ್ಲೂ ಮತ್ತೆ ಇಳಿಸುವ ಪ್ರಮೇಯ ಬರಲಿಲ್ಲ. ಊರಿನ ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ ಎರಡು ಮಿಲಿಗ್ರಾಂ ಮೇಲಿದ್ದದ್ದು, ಕಳೆದ ಸಲ ಪರೀಕ್ಷೆ ಮಾಡಿಸಿದಾಗ ಒಂದೂವರೆಯ ಮಿತಿಯೊಳಗೆ ಬಂದಿತ್ತು. ಆ ಚೀಟಿಯನ್ನು ನನ್ನ ಹೆಂಡತಿ ದೇವರ ಗೂಡಿನಲ್ಲಿಟ್ಟಿದ್ದಾಳೆ.

ಈ ವರ್ಷ ಪಕ್ಕದೂರಿನವರು ಕರೆದರೆಂದು ಅವರ ಕೆರೆಯಲ್ಲೂ ಒಂದು ಡ್ರಮ್ ಇಟ್ಟು ಬಂದೆ. ಅಲ್ಲಿ ತಳವೆಲ್ಲ ಜೇಡಿ, ಡ್ರಮ್ಮಿಗೂ ಕೆರೆಗೂ ಬರೀ ಒಂದು ಮಿಲಿಮೀಟರ್ ವ್ಯತ್ಯಾಸ. ನಿಮ್ಮಲ್ಲಿ ತೂಬು ಮುಚ್ಚಬೇಡಿ, ಇರುವ ನೀರನ್ನು ಬೆಳೆಗೇ ಬಿಡಿ ಅಂತ ಹೇಳಿ ಬಂದಿದ್ದೇನೆ.